ಬಾಲ್ಕನಿಯಿಂದ ಬೀದಿಗಿಳಿದ ರೋಮಿಯೋ

ರೋಮಿಯೋ ಎಂಬುದು ಕನ್ನಡದಲ್ಲಿ ಈಗ ಬರಿಯ ಹೆಸರಾಗಿ ಉಳಿದಿಲ್ಲ, ಹೆಚ್ಚುಕಡಿಮೆ ಒಂದು ಬೈಗುಳವಾಗಿದೆ. ಕಾಲೇಜಿನ ಗೇಟಿನ ಬಳಿ ಬೈಕಿಗೆ ಒರಗಿ ನಿಂತು ಹುಡುಗಿಯರನ್ನು ಕಾಡುವವನಿಗೆ ಪತ್ರಿಕೆಯವರೂ ಪೊಲೀಸರೂ ಸೇರಿ ದಯಪಾಲಿಸಿದ ಬಿರುದು ‘ಬೀದಿ ರೋಮಿಯೋ’. ಷೇಕ್ಸ್‌ಪಿಯರ್‌ನ ಪಾತ್ರಕ್ಕೆ ಇದು ಅನ್ಯಾಯವೇ ಸರಿ. ಆದರೆ ‘ಬೀದಿ’ ಎಂಬ ಮಾತು ಮಾತ್ರ ಅಷ್ಟೇನೂ ತಪ್ಪಲ್ಲ. ನಾಟಕ ಶುರುವಾಗುವುದೇ ಎರಡು ಮನೆತನಗಳ ಆಳುಗಳ ಬೀದಿ ಜಗಳದಿಂದ. ಕಥೆಯ ದಿಕ್ಕು ತಪ್ಪಿಸುವ ಎರಡು ಸಾವುಗಳು ಸಂಭವಿಸುವುದೂ ನಡುಮಧ್ಯಾಹ್ನದ ಬೀದಿಯಲ್ಲೇ. ಇಷ್ಟಿದ್ದರೂ ರಂಗಭೂಮಿ ಬಹುಕಾಲ ಈ ನಾಟಕವನ್ನು ನೆನಪಿಟ್ಟುಕೊಂಡದ್ದು ಬಾಲ್ಕನಿಯಿಂದ, ಬೆಳದಿಂಗಳಿನಿಂದ, ಇಂಪಾದ ಪದ್ಯದಿಂದ. ಅದನ್ನು ಮತ್ತೆ ಬೀದಿಗೆ ಇಳಿಸಿದವನು ಇಟಲಿಯ ಫ್ರಾಂಕೊ ಜೆಫಿರೆಲ್ಲಿ. ಇಳಿಸಿದ್ದು 1960ರ ಅಕ್ಟೋಬರ್‌ನಲ್ಲಿ, ಲಂಡನ್ನಿನ ಓಲ್ಡ್ ವಿಕ್ ರಂಗಮಂದಿರದಲ್ಲಿ.

ಜೆಫಿರೆಲ್ಲಿ ಎಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು 1968ರ ಸಿನಿಮಾ. ಇಂಗ್ಲಿಷ್ ಎಂ.ಎ. ಓದಿದ ಹಿರಿಯರು ಇಂದಿಗೂ ಅದರ ಸಂಗೀತವನ್ನು ಗುನುಗುವುದುಂಟು. ಆ ಸಿನಿಮಾದ ಬೇರು ಇರುವುದು ಎಂಟು ವರ್ಷ ಹಿಂದಿನ ಈ ನಾಟಕದಲ್ಲಿ. ಒಬ್ಬ ನಿರ್ದೇಶಕ ಎಲ್ಲರಿಗೂ ಗೊತ್ತಿರುವ, ಎಲ್ಲರೂ ಒಂದೇ ರೀತಿ ಆಡುತ್ತಿದ್ದ ಕೃತಿಯನ್ನು ಕೈಗೆತ್ತಿಕೊಂಡಾಗ ಏನನ್ನು ಉಳಿಸುತ್ತಾನೆ, ಏನನ್ನು ಎಸೆಯುತ್ತಾನೆ, ಎಸೆದದ್ದಕ್ಕೆ ಎಷ್ಟು ಬೆಲೆ ತೆರುತ್ತಾನೆ ಎಂಬುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಮೊದಲು ನಾಟಕವನ್ನೇ ನೋಡೋಣ. ಷೇಕ್ಸ್‌ಪಿಯರ್ ಇದನ್ನು ಬರೆದದ್ದು 1595ರ ಆಸುಪಾಸಿನಲ್ಲಿ. ಕಥೆ ಅವನ ಸ್ವಂತದ್ದಲ್ಲ. ಇಟಲಿಯ ಬಾಂಡೆಲ್ಲೊ ಮೊದಲಾದವರು ಹೇಳಿದ್ದ ಕಥೆಯನ್ನು ಆರ್ಥರ್ ಬ್ರೂಕ್ ಎಂಬ ಇಂಗ್ಲಿಷ್ ಕವಿ 1562ರಲ್ಲಿ ಉದ್ದದ ಪದ್ಯವಾಗಿ ಬರೆದಿದ್ದ. ಷೇಕ್ಸ್‌ಪಿಯರ್ ಎದುರಿಗಿಟ್ಟುಕೊಂಡದ್ದು ಅದನ್ನೇ. ಆದರೆ ಅವನು ಮಾಡಿದ ಎರಡು ಬದಲಾವಣೆಗಳನ್ನು ಗಮನಿಸಬೇಕು. ಬಾಂಡೆಲ್ಲೊನಲ್ಲಿ ಜೂಲಿಯೆಟ್‌ಗೆ ಹದಿನೆಂಟು ತುಂಬುತ್ತಿತ್ತು, ಬ್ರೂಕ್‌ನಲ್ಲಿ ಹದಿನಾರು. ಷೇಕ್ಸ್‌ಪಿಯರ್ ಅದನ್ನು ಇನ್ನೂ ಇಳಿಸಿದ. ಅವನ ಜೂಲಿಯೆಟ್‌ಗೆ ಹದಿನಾಲ್ಕು ತುಂಬಲು ಇನ್ನೂ ಎರಡು ವಾರ ಬಾಕಿ. ಬ್ರೂಕ್‌ನ ಕಥೆ ತಿಂಗಳುಗಟ್ಟಲೆ ನಡೆಯುತ್ತದೆ, ಷೇಕ್ಸ್‌ಪಿಯರ್‌ನದು ಭಾನುವಾರ ಬೆಳಿಗ್ಗೆ ಶುರುವಾಗಿ ಅದೇ ವಾರ ಮುಗಿದುಹೋಗುತ್ತದೆ. ಭೇಟಿ, ಮದುವೆ, ಕೊಲೆ, ಗಡೀಪಾರು, ವಿಷ ಎಲ್ಲವೂ ನಾಲ್ಕೈದು ದಿನಗಳಲ್ಲಿ. ಅಂದರೆ ನಾಟಕಕಾರ ಬೇಕೆಂದೇ ಪ್ರೇಮಿಗಳನ್ನು ಎಳೆಯರನ್ನಾಗಿಸಿ ಕಾಲವನ್ನು ಓಡಿಸಿದ್ದಾನೆ. ಯೋಚಿಸಲು ಯಾರಿಗೂ ಪುರುಸೊತ್ತಿಲ್ಲ.

ಈ ಅವಸರವನ್ನೂ ಈ ಎಳೆತನವನ್ನೂ ರಂಗಭೂಮಿ ಮೊದಲು ಕೈಬಿಟ್ಟಿತು. ಕಾರಣ ಸರಳ. ಜೂಲಿಯೆಟ್ ಪಾತ್ರ ದೊಡ್ಡದು, ಅದಕ್ಕೆ ಪಳಗಿದ ನಟಿ ಬೇಕು, ಪಳಗುವ ಹೊತ್ತಿಗೆ ನಟಿಗೆ ಮೂವತ್ತು ದಾಟಿರುತ್ತದೆ. ಹದಿನೆಂಟನೇ ಶತಮಾನದಲ್ಲಿ ಡೇವಿಡ್ ಗ್ಯಾರಿಕ್ ನಾಟಕವನ್ನು ತಿದ್ದಿ, ರೋಮಿಯೋ ಸಾಯುವ ಮೊದಲೇ ಜೂಲಿಯೆಟ್ ಎಚ್ಚರಗೊಂಡು ಇಬ್ಬರೂ ಕಣ್ಣೀರಿನ ಮಾತುಕತೆ ನಡೆಸುವಂತೆ ಮಾಡಿದ. ನಟನಟಿಯರಿಗೆ ಅದು ಹಬ್ಬ. ಆ ತಿದ್ದುಪಡಿ ಸುಮಾರು ನೂರು ವರ್ಷ ಚಲಾವಣೆಯಲ್ಲಿತ್ತು. 1845ರಲ್ಲಿ ಷೇಕ್ಸ್‌ಪಿಯರ್‌ನ ಮೂಲ ಪಾಠವನ್ನು ಲಂಡನ್ನಿನ ರಂಗಕ್ಕೆ ಮರಳಿ ತಂದವಳು ಒಬ್ಬ ಅಮೆರಿಕನ್ ನಟಿ, ಷಾರ್ಲೆಟ್ ಕುಷ್‌ಮನ್. ಆಕೆ ಆಡಿದ್ದು ರೋಮಿಯೋ ಪಾತ್ರವನ್ನು! ಜೂಲಿಯೆಟ್ ಆಗಿದ್ದವಳು ಆಕೆಯ ತಂಗಿ. ಇನ್ನು 1936ರ ಹಾಲಿವುಡ್ ಸಿನಿಮಾದಲ್ಲಿ ರೋಮಿಯೋ ಆಗಿದ್ದ ಲೆಸ್ಲಿ ಹೊವರ್ಡ್‌ಗೆ 43 ವರ್ಷ, ಜೂಲಿಯೆಟ್ ಆಗಿದ್ದ ನಾರ್ಮಾ ಷಿಯರರ್‌ಗೆ 34. ನಮ್ಮ ಕಂಪನಿ ನಾಟಕಗಳಲ್ಲಿ ಐವತ್ತರ ಯಜಮಾನರು ಬಾಲಕೃಷ್ಣನಾಗಿ ಬರುತ್ತಿದ್ದುದನ್ನು ಕೇಳಿ ಬಲ್ಲವರಿಗೆ ಇದೇನೂ ಆಶ್ಚರ್ಯವಲ್ಲ. ಕಂಠ ಚೆನ್ನಾಗಿದ್ದರೆ ಪ್ರೇಕ್ಷಕ ವಯಸ್ಸನ್ನು ಮರೆಯುತ್ತಾನೆ ಎಂಬುದೇ ಎರಡೂ ಕಡೆಯ ನಂಬಿಕೆ.

ಇಂಗ್ಲೆಂಡಿನಲ್ಲಿ ಆ ಕಂಠದ ಒಡೆಯ ಜಾನ್ ಗಿಲ್‌ಗುಡ್. 1935ರಲ್ಲಿ ಆತ ತಾನೇ ನಿರ್ದೇಶಿಸಿದ ಪ್ರಯೋಗದಲ್ಲಿ ಒಂದು ಮೋಜಿನ ಏರ್ಪಾಡು ಮಾಡಿದ್ದ. ಗಿಲ್‌ಗುಡ್ ಮತ್ತು ಲಾರೆನ್ಸ್ ಒಲಿವಿಯೆ ಕೆಲವು ವಾರ ರೋಮಿಯೋ ಮತ್ತು ಅವನ ಗೆಳೆಯ ಮರ್ಕ್ಯುಷಿಯೊ ಆಗಿ ಆಡಿ, ನಂತರ ಪಾತ್ರಗಳನ್ನು ಅದಲುಬದಲು ಮಾಡಿಕೊಳ್ಳುವುದು. ಒಲಿವಿಯೆ ಹಸಿಬಿಸಿ ಇಟಾಲಿಯನ್ ಹುಡುಗನಂತೆ ಆಡಿದ, ಪದ್ಯ ಹಾಳು ಮಾಡಿದನೆಂದು ವಿಮರ್ಶಕರಿಂದ ಬೈಸಿಕೊಂಡ. ಗಿಲ್‌ಗುಡ್ ಪದ್ಯವನ್ನು ಹಾಡಿದಂತೆ ನುಡಿದ, ಹೊಗಳಿಸಿಕೊಂಡ. 1947ರಲ್ಲಿ ಸ್ಟ್ರ್ಯಾಟ್‌ಫರ್ಡ್‌ನಲ್ಲಿ ಇನ್ನೂ ಇಪ್ಪತ್ತೆರಡರ ಹರೆಯದ ಪೀಟರ್ ಬ್ರೂಕ್ (ನಮಗೆ ‘ಮಹಾಭಾರತ’ದಿಂದ ಪರಿಚಿತನಾದ ಅದೇ ಬ್ರೂಕ್) ಬಿಸಿಲು, ಧಗೆ, ಕತ್ತಿವರಸೆಗಳನ್ನೇ ಮುಂದಿಟ್ಟು, ಹತ್ತೊಂಬತ್ತರ ನಟಿಯೊಬ್ಬಳನ್ನು ಜೂಲಿಯೆಟ್ ಮಾಡಿದ. ಅವನಿಗೂ ಬೈಗುಳವೇ ಸಿಕ್ಕಿತು. ಹೀಗಾಗಿ ಜೆಫಿರೆಲ್ಲಿ ಎತ್ತಿದ ಪ್ರಶ್ನೆ ಹೊಸದಲ್ಲ. ಈ ನಾಟಕದಲ್ಲಿ ದೊಡ್ಡದು ಯಾವುದು, ಪದ್ಯವೋ ಹುಡುಗರೋ?

ಜೆಫಿರೆಲ್ಲಿಯ ಬದುಕೇ ಒಂದು ನಾಟಕದಂತಿದೆ. 1923ರಲ್ಲಿ ಫ್ಲಾರೆನ್ಸ್‌ನಲ್ಲಿ ಮದುವೆಯಾಚೆಯ ಸಂಬಂಧದಲ್ಲಿ ಹುಟ್ಟಿದ ಮಗು. ತಂದೆಯ ಹೆಸರನ್ನೂ ತಾಯಿಯ ಹೆಸರನ್ನೂ ಇಡುವಂತಿರಲಿಲ್ಲ. ತಾಯಿ ಮೊಜಾರ್ಟ್‌ನ ಸಂಗೀತ ನಾಟಕವೊಂದರಲ್ಲಿ ಬರುವ, ‘ತಂಗಾಳಿಗಳು’ ಎಂಬರ್ಥದ ‘ಜೆಫಿರೆತ್ತಿ’ ಎಂಬ ಪದವನ್ನು ಆರಿಸಿದಳಂತೆ. ಬರೆದುಕೊಳ್ಳುವ ಗುಮಾಸ್ತ ಅಕ್ಷರ ತಪ್ಪಿ ‘ಜೆಫಿರೆಲ್ಲಿ’ ಮಾಡಿದನಂತೆ. ಆರು ವರ್ಷಕ್ಕೆ ತಾಯಿ ತೀರಿಕೊಂಡಳು. ಫ್ಲಾರೆನ್ಸ್‌ನಲ್ಲಿ ನೆಲೆಸಿದ್ದ ಒಬ್ಬ ಇಂಗ್ಲಿಷ್ ಮಹಿಳೆ ಹುಡುಗನಿಗೆ ಇಂಗ್ಲಿಷನ್ನೂ ಜೊತೆಗೆ ಷೇಕ್ಸ್‌ಪಿಯರನನ್ನೂ ಕಲಿಸಿದಳು. ಎರಡನೇ ಮಹಾಯುದ್ಧದಲ್ಲಿ ಆತ ಫ್ಯಾಸಿಸ್ಟರ ವಿರುದ್ಧದ ಗೆರಿಲ್ಲಾ ಪಡೆ ಸೇರಿ, ಬಳಿಕ ಬ್ರಿಟಿಷ್ ಸೈನಿಕರಿಗೆ ದುಭಾಷಿಯಾದ. ಓದುತ್ತಿದ್ದುದು ವಾಸ್ತುಶಿಲ್ಪ. ಒಲಿವಿಯೆಯ ‘ಐದನೆಯ ಹೆನ್ರಿ’ ಸಿನಿಮಾ ನೋಡಿದ ಮೇಲೆ ಅದನ್ನು ಬಿಟ್ಟು ನಾಟಕಕ್ಕೆ ಬಂದ.

ಅವನ ಗುರು ಲುಚಿನೊ ವಿಸ್ಕೊಂತಿ. ಸಿಸಿಲಿಯ ಬೆಸ್ತರ ಹಳ್ಳಿಯಲ್ಲಿ ಬೆಸ್ತರಿಂದಲೇ ಪಾತ್ರ ಮಾಡಿಸಿದ ವಿಸ್ಕೊಂತಿಯ 1948ರ ‘ಲಾ ತೆರಾ ತ್ರೇಮಾ’ ಸಿನಿಮಾಕ್ಕೆ ಜೆಫಿರೆಲ್ಲಿ ಸಹಾಯಕ. ಬಣ್ಣ ಬಳಿಯದ ಮುಖ, ನಿಜವಾದ ಗೋಡೆ, ನಿಜವಾದ ಬೀದಿ ಎಂಬ ಪಾಠ ಅವನಿಗೆ ಸಿಕ್ಕಿದ್ದು ಅಲ್ಲಿ. ಆಮೇಲೆ ಆತ ಹೆಸರು ಮಾಡಿದ್ದು ತದ್ವಿರುದ್ಧ ಲೋಕದಲ್ಲಿ, ಅದ್ದೂರಿ ಒಪೆರಾಗಳಲ್ಲಿ. 1959ರಲ್ಲಿ ಲಂಡನ್ನಿನ ಕಾವೆಂಟ್ ಗಾರ್ಡನ್‌ನಲ್ಲಿ ಅವನ ಒಪೆರಾಗಳು ಗೆದ್ದವು. ಅದನ್ನು ಗಮನಿಸಿದ ಓಲ್ಡ್ ವಿಕ್‌ನ ಮುಖ್ಯಸ್ಥ ಮೈಕೆಲ್ ಬೆಂಥಾಲ್ ನೇರವಾಗಿ ರೋಮಿಯೋ-ಜೂಲಿಯೆಟ್ ಮಾಡಿಕೊಡುವಂತೆ ಕೇಳಿದ. ಇಂಗ್ಲಿಷರ ಪವಿತ್ರ ನಾಟಕಕಾರನ ಕೃತಿಯನ್ನು ಇಂಗ್ಲಿಷರದೇ ಮಂದಿರದಲ್ಲಿ ಇಂಗ್ಲಿಷ್ ತಾಯಿನುಡಿಯಲ್ಲದವನ ಕೈಗೆ ಕೊಡುವುದು ಸಣ್ಣ ಮಾತಾಗಿರಲಿಲ್ಲ. ಓಲ್ಡ್ ವಿಕ್ ಆಗಷ್ಟೇ, 1953ರಿಂದ 1958ರವರೆಗೆ, ಷೇಕ್ಸ್‌ಪಿಯರ್‌ನ ಮೊದಲ ಸಂಪುಟದ ನಾಟಕಗಳನ್ನೆಲ್ಲ ಸಾಲಾಗಿ ಆಡಿ ಮುಗಿಸಿತ್ತು. ಅಲ್ಲಿನ ಪ್ರೇಕ್ಷಕರಿಗೆ ಸಾಲುಗಳು ಬಾಯಿಪಾಠ.

ರಂಗಸಜ್ಜಿಕೆಯನ್ನೂ ಜೆಫಿರೆಲ್ಲಿಯೇ ರೂಪಿಸಿದ. ಅವನ ವೆರೋನಾ ಚಿತ್ರಪಟದ ವೆರೋನಾ ಅಲ್ಲ. ಗಾರೆ ಕಿತ್ತ ಗೋಡೆಗಳು, ಇಕ್ಕಟ್ಟಾದ ಓಣಿ, ವ್ಯಾಪಾರ ಮಾಡುವವರು, ತಿನ್ನುತ್ತ ಹರಟುವವರು, ಕೆಲಸವಿಲ್ಲದೆ ಗೋಡೆಗೆ ಆತು ನಿಂತ ಪಡ್ಡೆಗಳು. ಉಡುಪು ಹೊಸದಾಗಿ ಹೊಲಿಸಿ ತಂದಂತೆ ಕಾಣದೆ, ದಿನವೂ ತೊಟ್ಟು ಮಾಸಿದಂತೆ ಕಾಣಬೇಕು. ನಟರು ಟೋಪನ್ ಇಡಕೂಡದು, ಕೂದಲು ಬೆಳೆಸಬೇಕು. ಇವೆಲ್ಲ ಹೊರಗಿನ ಮಾತು. ಒಳಗಿನ ಸೂತ್ರ ಒಂದೇ: ಪಾತ್ರಕ್ಕೆ ಮುಂದೇನಾಗುತ್ತದೆ ಎಂದು ಗೊತ್ತಿಲ್ಲ. ರೋಮಿಯೋ ಜೂಲಿಯೆಟ್ ಸಾಯುತ್ತಾರೆಂಬುದು ಪ್ರೇಕ್ಷಕನಿಗೆ ಗೊತ್ತು, ನಾಟಕದ ಪೀಠಿಕೆಯೇ ಅದನ್ನು ಹೇಳಿಬಿಡುತ್ತದೆ. ಆದ್ದರಿಂದ ನಟ ಮೊದಲ ದೃಶ್ಯದಿಂದಲೇ ದುರಂತದ ದನಿ ತೆಗೆಯುವ ಚಾಳಿ ಬೆಳೆದುಬಿಟ್ಟಿತ್ತು. ಜೆಫಿರೆಲ್ಲಿ ಅದನ್ನು ಅಳಿಸಿದ. ಅರ್ಧ ನಾಟಕದವರೆಗೆ ಇದೊಂದು ಪ್ರಹಸನ, ಹುಡುಗರ ಪುಂಡಾಟ. ಮುಗ್ಗರಿಸಿದ ಮೇಲಷ್ಟೇ ಹಳ್ಳ ಕಾಣುವುದು.

ಜೂಲಿಯೆಟ್ ಆಗಿ ಆತ ತೆಗೆದುಕೊಂಡದ್ದು ಇಪ್ಪತ್ತೈದರ ಜೂಡಿ ಡೆಂಚ್ ಅವರನ್ನು, ರೋಮಿಯೋ ಆಗಿ ಜಾನ್ ಸ್ಟ್ರೈಡ್‌ನನ್ನು. ಇಬ್ಬರೂ ಓಲ್ಡ್ ವಿಕ್‌ನ ಹೊಸಬರ ಪಾಳಿಯವರು. ಅಲೆಕ್ ಮೆಕವನ್ ಮರ್ಕ್ಯುಷಿಯೊ. ಜೂಲಿಯೆಟ್‌ಳ ದಾದಿಯ ಪಾತ್ರಕ್ಕೆ ಜೋರುಬಾಯಿಯ ಹಾಸ್ಯ ಪಾತ್ರಗಳಿಂದ ಮನೆಮಾತಾಗಿದ್ದ ಪೆಗ್ಗಿ ಮೌಂಟ್. ಡೆಂಚ್ ನಂತರ ಅನೇಕ ಸಲ ಹೇಳಿಕೊಂಡಿರುವ ಪ್ರಸಂಗವೊಂದಿದೆ. ಒಂದು ದಿನ ಅವರ ತಂದೆ ತಾಯಿ ನಾಟಕಕ್ಕೆ ಬಂದಿದ್ದರು. ದುಃಖದ ದೃಶ್ಯವೊಂದರಲ್ಲಿ ಜೂಲಿಯೆಟ್ ದಾದಿಯನ್ನು ‘ಅಪ್ಪ ಅಮ್ಮ ಎಲ್ಲಿ’ ಎಂದು ಕೇಳಬೇಕು. ಕೇಳಿದ್ದೇ ತಡ, ಪ್ರೇಕ್ಷಕರ ನಡುವಿನಿಂದ ತಂದೆಯ ದನಿ ಬಂತು, ‘ಇಲ್ಲೇ ಇದ್ದೇವಲ್ಲಮ್ಮ, ಎಚ್ ಸಾಲಿನಲ್ಲಿ’ ಎಂದು. ಅವರು ತಮಾಷೆಗೆ ಹೇಳಿದರೋ ಮೈಮರೆತು ಹೇಳಿದರೋ, ಅಂದಿನ ಜೂಲಿಯೆಟ್ ಎಷ್ಟು ಮನೆಮಗಳಂತೆ ಇದ್ದಿರಬೇಕು ಎಂಬುದು ಮಾತ್ರ ಇದರಿಂದ ಗೊತ್ತಾಗುತ್ತದೆ. ಪದ್ಯ ಹಾಡುವ ಜೂಲಿಯೆಟ್‌ಗೆ ಯಾವ ತಂದೆಯೂ ಹೀಗೆ ಓಗೊಡಲಾರ.

ಮೊದಲ ಪ್ರದರ್ಶನದ ಮರುದಿನ ಬಹುತೇಕ ಪತ್ರಿಕೆಗಳು ನಾಟಕವನ್ನು ಹಿಗ್ಗಾಮುಗ್ಗಾ ಎಳೆದಾಡಿದವು. ಕಾವ್ಯ ಸತ್ತಿತು ಎಂಬುದೇ ಎಲ್ಲರ ದೂರು. ನಾಟಕವನ್ನು ಎತ್ತಿ ನಿಲ್ಲಿಸಿದ್ದು ಆ ಭಾನುವಾರದ ‘ಅಬ್ಸರ್ವರ್’ನಲ್ಲಿ ಕೆನೆತ್ ಟೈನನ್ ಬರೆದ ವಿಮರ್ಶೆ. ಈ ಪಾತ್ರಗಳು ಬದುಕಿಗಿಂತ ದೊಡ್ಡವೂ ಅಲ್ಲ, ಸಣ್ಣವೂ ಅಲ್ಲ, ಸರಿಯಾಗಿ ಮನುಷ್ಯರಷ್ಟೇ ಎತ್ತರದವು. ನಿಜವಾದ ಜನ ನಿಜವಾದ ಇಕ್ಕಟ್ಟಿನಲ್ಲಿ ಸಿಕ್ಕಿದ್ದಾರೆಂದೇ ನಿರ್ದೇಶಕ ಭಾವಿಸಿದ್ದಾನೆ ಎಂಬುದು ಆತನ ವಾದದ ತಿರುಳು. ಇದು ಕ್ರಾಂತಿಯೇ ಇರಬಹುದು ಎನ್ನುವವರೆಗೂ ಹೋದ. ಜನ ಮುಗಿಬಿದ್ದರು. ಗ್ಯಾಂಗುಗಳ ಹೊಡೆದಾಟವಾಗಿ ಇದೇ ಕಥೆಯನ್ನು ಹೇಳಿದ ‘ವೆಸ್ಟ್ ಸೈಡ್ ಸ್ಟೋರಿ’ 1958ರ ಕೊನೆಯಲ್ಲೇ ಲಂಡನ್ನಿಗೆ ಬಂದಿದ್ದುದರಿಂದ ಹೊಸ ಪ್ರೇಕ್ಷಕರ ಕಣ್ಣೂ ಪಳಗಿತ್ತು ಎನ್ನಬೇಕು.

ಆದರೆ ಬೈದವರನ್ನು ಹಳಬರೆಂದು ತಳ್ಳಿಹಾಕುವಂತಿಲ್ಲ. ಅವರು ಕಳೆದುಕೊಂಡದ್ದು ನಿಜವಾದ ವಸ್ತುವನ್ನೇ. ಷೇಕ್ಸ್‌ಪಿಯರ್ ಬಳಸಿದ ಪ್ರಾಸವಿಲ್ಲದ ಐದು ಗಣಗಳ ಪದ್ಯಕ್ಕೆ ಕನ್ನಡದಲ್ಲಿ ಸಮೀಪವಾದದ್ದು ಸರಳ ರಗಳೆ. ಕುವೆಂಪು ಅವರ ನಾಟಕಗಳ ಸರಳ ರಗಳೆಯನ್ನು ದಿನಬಳಕೆಯ ಮಾತಿನಂತೆ ಉದುರಿಸಿಬಿಟ್ಟರೆ ಏನಾಗುತ್ತದೆಂದು ಊಹಿಸಿದರೆ ಆ ವಿಮರ್ಶಕರ ಸಂಕಟ ಅರ್ಥವಾದೀತು. ಒಂದು ಉದಾಹರಣೆ. ಔತಣಕೂಟದಲ್ಲಿ ರೋಮಿಯೋ ಜೂಲಿಯೆಟ್ ಮೊದಲ ಬಾರಿಗೆ ಮಾತನಾಡುವಾಗ ಆಡುವ ಮೊದಲ ಹದಿನಾಲ್ಕು ಸಾಲುಗಳು ಸೇರಿ ಒಂದು ಪರಿಪೂರ್ಣ ಸುನೀತವಾಗುತ್ತವೆ. ಪ್ರಾಸವೂ ಅಚ್ಚುಕಟ್ಟು. ಯಾತ್ರಿಕ, ಗುಡಿ, ಅಂಗೈಗೆ ಅಂಗೈ ಎಂಬ ರೂಪಕ ಇಬ್ಬರ ನಡುವೆ ಚೆಂಡಿನಂತೆ ಹೋಗಿ ಬರುತ್ತದೆ. ಅಪರಿಚಿತರಿಬ್ಬರು ಗೊತ್ತಿಲ್ಲದೆ ಒಂದೇ ಕವಿತೆ ಕಟ್ಟಿದರು ಎಂಬುದೇ ಅಲ್ಲಿನ ಚಮತ್ಕಾರ. ಜೆಫಿರೆಲ್ಲಿಯ ಸಿನಿಮಾದಲ್ಲಿ ಈ ಭಾಗ ಬರುವುದು ಗಾಯಕನೊಬ್ಬ ಹಾಡುತ್ತಿರುವಾಗ, ಜನರ ಹಿಂದೆ, ಪಿಸುಮಾತಿನಲ್ಲಿ. ನಾವು ನೋಡುವುದು ಕೈಗಳನ್ನು, ಏರುವ ಉಸಿರನ್ನು. ಸುನೀತ ಕೇಳಿಸುವುದೇ ಇಲ್ಲ. ಕೇಳಿಸದಿದ್ದರೂ ಆ ದೃಶ್ಯ ಮನಸ್ಸಿನಿಂದ ಹೋಗುವುದಿಲ್ಲ ಎಂಬುದು ನನ್ನ ಅನುಭವ. ಆದರೆ ರಾತ್ರಿಯನ್ನು ಬೇಗ ಬಾ ಎಂದು ಕರೆಯುವ ಜೂಲಿಯೆಟ್‌ಳ ಸ್ವಗತವನ್ನು ಸಿನಿಮಾದಲ್ಲಿ ಪೂರಾ ತೆಗೆದುಹಾಕಿದ್ದನ್ನು ಒಪ್ಪುವುದು ಕಷ್ಟ. ಅಲ್ಲಿ ಜೂಲಿಯೆಟ್ ಬರಿಯ ಮುಗ್ಧೆಯಲ್ಲ, ತನ್ನ ಆಸೆಯನ್ನು ಬಾಯಿಬಿಟ್ಟು ಹೇಳುವ ಹೆಣ್ಣು. ಅದನ್ನು ಕಿತ್ತರೆ ಆಕೆ ಅಳುವ ಹುಡುಗಿಯಾಗಿಯಷ್ಟೇ ಉಳಿಯುತ್ತಾಳೆ.

ಈ ಮಾರ್ಗ ಎಲ್ಲ ಬೀಗಕ್ಕೂ ಹೊಂದುವ ಕೀಲಿಯೂ ಆಗಿರಲಿಲ್ಲ. ಮರುವರ್ಷವೇ, 1961ರಲ್ಲಿ, ಸ್ಟ್ರ್ಯಾಟ್‌ಫರ್ಡ್‌ನಲ್ಲಿ ಜೆಫಿರೆಲ್ಲಿ ‘ಒಥೆಲೊ’ ಮಾಡಿದ. ನಾಯಕ ಬೇರಾರೂ ಅಲ್ಲ, ಅದೇ ಗಿಲ್‌ಗುಡ್. ಭಾರೀ ಸಜ್ಜಿಕೆ ಬದಲಿಸಲು ಹೊತ್ತು ಹಿಡಿದು ಪ್ರೇಕ್ಷಕರು ಆಕಳಿಸಿದರು. ಮೊದಲ ರಾತ್ರಿ ನಾಯಕ ಒರಗಿದ ಕಂಬ ಅಲುಗಾಡಿತು, ಗಡ್ಡ ಕಿತ್ತುಬಂತು. ರಂಗಭೂಮಿಯವರು ಬಹುಕಾಲ ಹೇಳಿಕೊಂಡು ನಗುತ್ತಿದ್ದ ಸೋಲು ಅದು. ಒಥೆಲೊ ಮಾತಿನಿಂದಲೇ ಕೆಡುವ ಮನುಷ್ಯನ ನಾಟಕ. ಇಯಾಗೊ ಕಿವಿಗೆ ಸುರಿಯುವುದು ಬರೀ ಮಾತನ್ನು. ಅಲ್ಲಿ ಗೋಡೆ, ಕಂಬ, ಬೀದಿಗಳು ಎಷ್ಟೇ ನಿಜವಾಗಿದ್ದರೂ ಕೆಲಸಕ್ಕೆ ಬರುವುದಿಲ್ಲ. ರೋಮಿಯೋ-ಜೂಲಿಯೆಟ್ ಹಾಗಲ್ಲ, ಅದು ಓಟದಿಂದ ಕೆಡುವವರ ನಾಟಕ.

ಆ ಓಟವನ್ನು ಜೆಫಿರೆಲ್ಲಿ ಪೂರ್ತಿಯಾಗಿ ಹಿಡಿದದ್ದು ಸಿನಿಮಾದಲ್ಲಿ. ನಡುವೆ 1964ರಲ್ಲಿ ಇದೇ ನಾಟಕವನ್ನು ಇಟಾಲಿಯನ್ ಭಾಷೆಯಲ್ಲೂ ಆಡಿಸಿದ್ದ. ಸಿನಿಮಾಕ್ಕೆ ಬಂದಾಗ ಮೂಲದ ಸಾಲುಗಳಲ್ಲಿ ಉಳಿದದ್ದು ಸುಮಾರು ಮೂರನೆಯ ಒಂದು ಭಾಗ ಮಾತ್ರ. ಮರ್ಕ್ಯುಷಿಯೊ ಸಾಯುವ ದೃಶ್ಯವನ್ನೇ ನೋಡಿ. ಕತ್ತಿಯಾಟ ಶುರುವಾಗುವುದು ತಮಾಷೆಗೆ. ಇರಿತ ಯಾರಿಗೂ ಕಾಣುವುದಿಲ್ಲ. ಅವನು ಸಾಯುತ್ತಿದ್ದೇನೆಂದು ಕೂಗಿದರೆ ಗೆಳೆಯರು ಅದೂ ಅವನ ಎಂದಿನ ನಾಟಕವೆಂದು ನಗುತ್ತಲೇ ಇರುತ್ತಾರೆ. ಕೈವಸ್ತ್ರ ಸರಿಸಿ ನೋಡಿದಾಗ ರಕ್ತ. ಕೊಂದವನ ಮುಖದಲ್ಲೂ ಗಾಬರಿಯೇ. ದ್ವೇಷಕ್ಕಿಂತ ಹುಡುಗುತನವೇ ಇಲ್ಲಿ ಕೊಲೆಗಾರ.

ಇನ್ನೊಂದು ಬದಲಾವಣೆ ಸಣ್ಣದು, ಆದರೆ ನಿರ್ದೇಶಕನ ಮನಸ್ಸನ್ನು ಪೂರಾ ತೋರಿಸುವಂಥದು. ಜೂಲಿಯೆಟ್ ಸತ್ತಿಲ್ಲ, ಮದ್ದು ಕುಡಿದು ಮಲಗಿದ್ದಾಳಷ್ಟೇ ಎಂಬ ಪಾದ್ರಿಯ ಪತ್ರ ರೋಮಿಯೋಗೆ ತಲುಪಬೇಕು. ಷೇಕ್ಸ್‌ಪಿಯರ್‌ನಲ್ಲಿ ಅದು ತಲುಪದಿರಲು ಕಾರಣ ಪ್ಲೇಗ್. ಪತ್ರ ಒಯ್ಯುವ ಸನ್ಯಾಸಿಯನ್ನು ಸೋಂಕಿನ ಶಂಕೆಯಿಂದ ಮನೆಯೊಂದರಲ್ಲಿ ಕೂಡಿಹಾಕಿ ಬಾಗಿಲಿಗೆ ಮುದ್ರೆ ಹಾಕುತ್ತಾರೆ. (2020ರ ಲಾಕ್‌ಡೌನ್ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.) ಜೆಫಿರೆಲ್ಲಿ ಪ್ಲೇಗನ್ನು ಕೈಬಿಟ್ಟ. ಅವನ ಸಿನಿಮಾದಲ್ಲಿ ಸನ್ಯಾಸಿ ಕತ್ತೆಯ ಮೇಲೆ ಹೊರಟಿದ್ದಾನೆ. ಜೂಲಿಯೆಟ್ ಸತ್ತಳೆಂದು ನಂಬಿದ ರೋಮಿಯೋನ ಆಳು ಕುದುರೆಯ ಮೇಲೆ ಅದೇ ದಾರಿಯಲ್ಲಿ ದೂಳೆಬ್ಬಿಸಿಕೊಂಡು ಅವನನ್ನು ದಾಟಿ ಹೋಗುತ್ತಾನೆ. ಮಾತಿಲ್ಲ. ಸುಳ್ಳು ಕುದುರೆಯ ಮೇಲೆ, ನಿಜ ಕತ್ತೆಯ ಮೇಲೆ. ವಿಧಿಯನ್ನು ತೆಗೆದು ಅವಸರವನ್ನು ಇಟ್ಟ ಈ ಬದಲಾವಣೆಗೆ ಯಾವ ಪದ್ಯಪ್ರೇಮಿಯೂ ಮುನಿಯಲಾರ.

ಎಳೆತನದ ಹಠ ಸಿನಿಮಾದಲ್ಲಿ ಕೊನೆ ಮುಟ್ಟಿತು. ಒಲಿವಿಯಾ ಹಸ್ಸಿ ಮತ್ತು ಲಿಯೊನಾರ್ಡ್ ವೈಟಿಂಗ್ ಚಿತ್ರೀಕರಣದ ಹೊತ್ತಿಗೆ ಹದಿನಾರು, ಹದಿನೇಳರ ಆಸುಪಾಸಿನವರು. ತೆರೆಯ ಮೇಲಿನ ಆ ಮುಖಗಳ ನಿಜ ಬೇರೆ ಯಾರಿಂದಲೂ ಬರುವಂಥದಲ್ಲ. ಆದರೆ ಇದರ ಲೆಕ್ಕ ಬಹಳ ತಡವಾಗಿ ಬಂತು. 2022ರ ಡಿಸೆಂಬರ್ ಕೊನೆಯಲ್ಲಿ, ಎಪ್ಪತ್ತು ದಾಟಿದ್ದ ಆ ಇಬ್ಬರೂ ಮಲಗುವ ಕೋಣೆಯ ದೃಶ್ಯದಲ್ಲಿ ತಮಗೆ ಅನ್ಯಾಯವಾಯಿತೆಂದು ಆರೋಪಿಸಿ ಕ್ಯಾಲಿಫೋರ್ನಿಯಾದಲ್ಲಿ ಪ್ಯಾರಮೌಂಟ್ ಕಂಪನಿಯ ಮೇಲೆ ಮೊಕದ್ದಮೆ ಹೂಡಿದರು. 2023ರ ಮೇ ತಿಂಗಳಲ್ಲಿ ನ್ಯಾಯಾಲಯ ಅದನ್ನು ವಜಾ ಮಾಡಿತು. ಉತ್ತರ ಹೇಳಬೇಕಾಗಿದ್ದ ಜೆಫಿರೆಲ್ಲಿ 2019ರಲ್ಲೇ ತೀರಿಕೊಂಡಿದ್ದ. ಹಸ್ಸಿ 2024ರ ಡಿಸೆಂಬರ್‌ನಲ್ಲಿ ನಿಧನರಾದರು. ಕಾನೂನಿನ ಮಾತು ಹಾಗಿರಲಿ. ನಿಜವಾದ ಮಕ್ಕಳೇ ಬೇಕು ಎನ್ನುವ ನಿರ್ದೇಶಕ ಅವರನ್ನು ಮಕ್ಕಳೆಂದೇ ಕಾಣಬೇಕಾಗುತ್ತದೆ ಎಂಬ ಪ್ರಶ್ನೆ ಈಗ ಆ ಸಿನಿಮಾವನ್ನು ಬಿಟ್ಟು ಹೋಗುವಂತಿಲ್ಲ.

ಈ ಕಥೆಯನ್ನು ಹೇಗೆ ಮುಗಿಸಬೇಕು ಎಂಬುದು ಇನ್ನೊಂದು ತಕರಾರು. ಸಾವನ್ನು ಸಹಿಸಲಾಗದವರು ಎಲ್ಲ ಕಾಲಕ್ಕೂ ಇದ್ದರು. 1660ರ ದಶಕದಲ್ಲಿ ಜೇಮ್ಸ್ ಹೊವರ್ಡ್ ಎಂಬಾತ ಪ್ರೇಮಿಗಳನ್ನು ಬದುಕಿಸಿ ಬರೆದಿದ್ದ. ಲಂಡನ್ನಿನಲ್ಲಿ ಒಂದು ದಿನ ಸಾಯುವ ನಾಟಕ, ಮರುದಿನ ಬದುಕುವ ನಾಟಕ ಆಡುತ್ತಿದ್ದರೆಂದು ಆ ಕಾಲದ ಪ್ರಾಂಪ್ಟರ್ ಬರೆದಿಟ್ಟಿದ್ದಾನೆ. ನಮ್ಮಲ್ಲೂ ಹಾಗೆಯೇ. ಕನ್ನಡಕ್ಕೆ ಈ ನಾಟಕ 1889ರಲ್ಲಿ ಆನಂದರಾಯರ ‘ರಾಮವರ್ಮ ಲೀಲಾವತಿ’ಯಾಗಿ ಬಂದಾಗ, ಸತ್ತ ಪ್ರೇಮಿಗಳು ದೈವಕೃಪೆಯಿಂದ ಎದ್ದು ಕೂತರು. ಮಂಗಳದ ಹಾಡಿಲ್ಲದೆ ಪ್ರೇಕ್ಷಕರನ್ನು ಮನೆಗೆ ಕಳಿಸುವುದು ಅಂದಿನ ರಂಗದ ರೂಢಿಯಲ್ಲ. ಪೀಟರ್ ಬ್ರೂಕ್ 1947ರಲ್ಲಿ ಇದರ ಎದುರು ತುದಿಗೆ ಹೋಗಿ, ಎರಡು ಮನೆತನಗಳು ರಾಜಿಯಾಗುವ ಭಾಗವನ್ನೇ ಕತ್ತರಿಸಿದ.

ಮೂಲದಲ್ಲಿ ಇಬ್ಬರು ತಂದೆಯರು ಕೈ ಕುಲುಕಿ, ಒಬ್ಬರ ಮಗುವಿಗೆ ಇನ್ನೊಬ್ಬರು ಚಿನ್ನದ ಪ್ರತಿಮೆ ಮಾಡಿಸುವ ಮಾತಾಡುತ್ತಾರೆ. ಸತ್ತ ಮೇಲೂ ಪೈಪೋಟಿ ಬಿಡದ ಆ ಮಾತು ಜೆಫಿರೆಲ್ಲಿಯ ಸಿನಿಮಾದಲ್ಲಿಲ್ಲ. ಎರಡು ಹೆಣಗಳನ್ನು ಹೊತ್ತ ಮೆರವಣಿಗೆ ಊರಿನ ಚೌಕಕ್ಕೆ ಬರುತ್ತದೆ. ಆಳುವವನ ಕೂಗು ಕಲ್ಲುಗೋಡೆಗೆ ಬಡಿದು ಮರಳುತ್ತದೆ. ಆಮೇಲೆ ಎರಡೂ ಮನೆಯವರು ಒಂದೇ ಬಾಗಿಲಿನಿಂದ ಜೋಡಿಜೋಡಿಯಾಗಿ ಹೊರಗೆ ಹೋಗುತ್ತಾರೆ, ಒಬ್ಬರ ಮುಖ ಒಬ್ಬರು ನೋಡುತ್ತ. ಮೊದಲ ದೃಶ್ಯದಲ್ಲಿ ಬಿಸಿಲೂ ಸಂತೆಯೂ ಕತ್ತಿಗಳ ಸದ್ದೂ ತುಂಬಿದ್ದ ಊರಿನಲ್ಲಿ ಈಗ ಗಾಳಿ ಬೀಸುತ್ತಿದೆ.